ನಿನ್ನ ಬರಣಿಯ ಮುದ್ರೆ ಒಡೆದ ಕಥೆ

ಜೇವರ್ಗಿ,
೬ ನವೆಂಬರ್ ೧೯೪೮, ಶನಿವಾರ

ನನ್ನ ಪ್ರೀತಿಯ ಕೃಪಾ,

ಮೊದಲು ತಪ್ಪೊಪ್ಪಿಗೆ, ಆಮೇಲೆ ಕ್ಷೇಮಸಮಾಚಾರ. ಜೇವರ್ಗಿಯ ಮಿಷನ್ ಶಾಲೆಯ ಮಾಸ್ತರನೂ, ಹೈದರಾಬಾದಿನಲ್ಲಿ ಓದಿ ಬಿ.ಎ. ಎಂಬ ಎರಡಕ್ಷರವನ್ನು ಹೊತ್ತು ತಂದವನೂ, ದೇವರ ದಯದಿಂದ ನಿನ್ನ ಗಂಡನೂ ಆದ ದೇವದಾನನೆಂಬ ನಾನು, ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿಕೊಳ್ಳುವುದೇನೆಂದರೆ: ಅಡುಗೆಮನೆಯ ಗೂಡಿನಲ್ಲಿ ನೀನು ಇಟ್ಟುಹೋಗಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಬರಣಿಯನ್ನು ಇಳಿಸಿ, ಅದರ ಬಾಯಿಗೆ ನೀನೇ ಕೈಯಾರೆ ಬಿಗಿದಿದ್ದ ಬಿಳಿ ಅರಿವೆಯ ಗಂಟನ್ನು ಹಲ್ಲಿನಿಂದ ಬಿಚ್ಚಿದವನು ನಾನೇ. ಹೋಗುವಾಗ ಬಂಡಿಯಲ್ಲಿ ಕುಳಿತು ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ, 'ನಾ ಬರೂತನ ಆ ಬರಣಿ ಯಾರರೆ ಮುಟ್ಟಿದ್ರ ನೋಡ್ರಿ ಮತ್ತ.' ಆ 'ಯಾರರೆ' ಎಂಬುದು ಮನೆಯಲ್ಲಿ ಉಳಿಯುವ ಇಬ್ಬರಲ್ಲಿ ನಿನ್ನ ಅತ್ತೆಯಂತೂ ಅಲ್ಲ ಎಂದು ತಿಳಿಯುವಷ್ಟು ತರ್ಕಶಾಸ್ತ್ರ ನಾನು ಓದಿದ್ದೇನೆ. ಸತ್ಯವೇದದ ಪ್ರಕಟನೆಯ ಪುಸ್ತಕದಲ್ಲಿ ಮುದ್ರೆಗಳು ಏಳು. ನಾನು ಒಡೆದದ್ದು ಒಂದೇ. ಆದರೂ ಅಲ್ಲಿ ಬರೆದಿರುವ ಗುಡುಗು ಮಿಂಚೆಲ್ಲ ನಿನ್ನ ತವರಾದ ವಿಜಾಪುರದ ದಿಕ್ಕಿನಿಂದ ನನ್ನ ಮೇಲೆ ಬರಲಿದೆ ಎಂದು ತಲೆ ಬಾಗಿಸಿ ಕುಳಿತಿದ್ದೇನೆ. ಬರಣಿ ಈಗ ಖಾಲಿ. ತಳದಲ್ಲಿ ಒಂದಿಷ್ಟು ಎಣ್ಣೆ, ಸಾಸಿವೆ ಮತ್ತು ನನ್ನ ಪಶ್ಚಾತ್ತಾಪ ಉಳಿದಿವೆ. ಆದರೆ ತೀರ್ಪು ಕೊಡುವ ಮೊದಲು ಈ ಪತ್ರ ಪೂರ್ತಿ ಓದು. ಆ ಉಪ್ಪಿನಕಾಯಿ ಹೋದದ್ದು ನನ್ನ ಹೊಟ್ಟೆಗಲ್ಲ.

ಇನ್ನು ಕ್ಷೇಮ. ನೀನು ಹೇಗಿದ್ದೀ? ಸೊಂಟದ ನೋವು ಇಳಿಯಿತೇ? ನಿಮ್ಮವ್ವ ಅಂಟಿನುಂಡಿ ತಿನ್ನಿಸುತ್ತಿದ್ದಾರೋ, ಇಲ್ಲವೆ ಬಂದವರಿಗೆಲ್ಲ ಹಂಚುತ್ತಿದ್ದಾರೋ? ತಲೆಗೆ ಅರಿವೆ ಕಟ್ಟಿಕೊಳ್ಳದೆ ಅಂಗಳದಲ್ಲಿ ನಿಲ್ಲಬೇಡ, ಅಲ್ಲಿ ಚಳಿ ಬೇಗ ಬೀಳುತ್ತದೆ. ನಿನ್ನ ಕಾಗದವನ್ನು ಟಪಾಲಿನ ಮಲ್ಕಪ್ಪ ಓಣಿಯ ತುದಿಯಿಂದಲೇ ಕೂಗಿಕೊಂಡು ತಂದ. 'ಮಾಸ್ತರ, ಮಗಳ್ರಿ' ಎಂದ. ಕಾಗದ ಒಡೆಯದೆ ನಿನಗೆ ಹೇಗೆ ಗೊತ್ತಾಯಿತಪ್ಪಾ ಎಂದರೆ, ಐದು ತಿಂಗಳ ಟಪಾಲು ಒಮ್ಮೆಲೇ ಬಂದಾಗ ಕೆಲವು ಕಾಗದ ತಾವೇ ಬಾಯಿ ಬಿಡುತ್ತವೆ ಎಂದು ಸಮಜಾಯಿಷಿ ಕೊಟ್ಟ. ಕ್ಷಮಿಸಿದೆ. ಅಂಥ ಸುದ್ದಿ ತಂದವನು ಕಾಗದವನ್ನೇ ತಿಂದಿದ್ದರೂ ಕ್ಷಮಿಸುತ್ತಿದ್ದೆ. ಅವ್ವ ಅದನ್ನು ನನ್ನಿಂದ ಮೂರು ಸಲ ಓದಿಸಿ, ನಾಲ್ಕನೆಯ ಸಲ ನಾನು ಓದುವ ಮೊದಲೇ ತಾನೇ ಬಾಯಿಪಾಠ ಒಪ್ಪಿಸಿದಳು. ಕೂಸಿನ ಮೂಗು ನನ್ನ ಹಾಗಿದೆ ಎಂದು ಬರೆದಿದ್ದೀ. ಅದಕ್ಕೂ ಪ್ರಾರ್ಥಿಸುತ್ತಿದ್ದೇನೆ, ದೊಡ್ಡದಾಗುತ್ತ ಸರಿಹೋದೀತು.

ನೀನು ಹೋದ ಮೇಲೆ ಇಲ್ಲಿ ನಡೆದದ್ದೊಂದೂ ನಿನಗೆ ಗೊತ್ತಿಲ್ಲವಲ್ಲ, ಅಲ್ಲಿಂದ ಬರುತ್ತೇನೆ. ಏಳನೆಯ ತಿಂಗಳಲ್ಲಿ ತವರಿಗೆ ಹೋಗಬೇಕಾದವಳನ್ನು ರಜಾಕಾರರ ಗಲಾಟೆಗೆ ಹೆದರಿ ಐದರಲ್ಲೇ ಕಳಿಸಿದೆವು. ಗಡಿಯಲ್ಲಿ ಸುಂಕ ವಸೂಲು ಮಾಡುವ ಕರೋಡಗಿರಿ ನಾಕೆಯವರು ನಿನ್ನ ಪೆಟ್ಟಿಗೆ ತೆಗೆಸಿ, ಸೀರೆ ಎಣಿಸಿ, ಗಡಿ ದಾಟಲು ಬಿಟ್ಟ ವಾರಕ್ಕೇ ಅತ್ತಿತ್ತ ಹೋಗುವ ದಾರಿ ಮುಚ್ಚಿತು. ಟಪಾಲೂ ನಿಂತಿತು. ಅದರ ಮುಂದಿನ ಆದಿತ್ಯವಾರ ಪೊಲೀಸ್ ಠಾಣೆಯ ಅಮೀನಸಾಹೇಬರು ಇಬ್ಬರು ಜವಾನರೊಂದಿಗೆ ನಮ್ಮ ಪ್ರಾರ್ಥನಾಮಂದಿರಕ್ಕೆ ಬಂದರು. ಐದು ಜನಕ್ಕಿಂತ ಹೆಚ್ಚು ಸೇರಕೂಡದೆಂದು ಹುಕುಂ ಆಗಿತ್ತು. ನಾವು ಇಪ್ಪತ್ತು ಜನ, ಅದರ ಮೇಲೆ ಬಾಯಿತುಂಬ ಹಾಡುತ್ತಿದ್ದೆವು. ರಾಜನು ಬರುತ್ತಾನೆ, ಬಾಗಿಲು ತೆರೆಯಿರಿ ಎಂಬ ಅರ್ಥದ ಹಾಡು. ಅಮೀನಸಾಹೇಬರ ಕಿವಿ ನೆಟ್ಟಗಾಯಿತು. ನಿಜಾಮ ಹುಜೂರರು ಹೈದರಾಬಾದಿನಲ್ಲಿ ಸುಖವಾಗಿರುವಾಗ ಬರುವ ಈ ರಾಜ ಯಾರು, ಎಂದು ಬರುತ್ತಾನೆ ಎಂದು ಕೇಳಿದರು. ನಾನು ಉರ್ದುವಿನಲ್ಲಿ ಸೊಗಸಾದ ಒಂದು ವಿವರಣೆಯನ್ನು ಜೋಡಿಸುತ್ತಿದ್ದೆ. ಅಷ್ಟರಲ್ಲಿ ನಮ್ಮ ಗಂಗುಬಾಯಿ ಮುದುಕಿ ಎದ್ದು, ಕೈಮುಗಿದು, ಬಹಳ ನಂಬುಗೆಯಿಂದ ಉತ್ತರ ಕೊಟ್ಟಳು: 'ಅದು ನಮಗೂ ಗೊತ್ತಿಲ್ರಿ ಸಾಹೇಬರ. ಕಳ್ಳ ಬಂದ್ಹಂಗ ಬರತಾನಂತ.' ಶಾಸ್ತ್ರವಚನದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮಂದಿರಕ್ಕೆ ಬೀಗ ಬಿತ್ತು. ಅಮೀನ ಬೀಗ ಹಾಕಿದರೇನು, ಆಮೆನ್‌ಗೆ ಬೀಗ ಹಾಕಲಾದೀತೇ ಎಂದು ನಾನು ಆ ಮೇಲೆ ಹೇಳಿದೆ, ಅವರು ಓಣಿ ದಾಟಿದ್ದನ್ನು ಖಾತ್ರಿ ಮಾಡಿಕೊಂಡು.

ನಮ್ಮ ಪಾದ್ರಿಗಳಾದ ಸುಮಿತ್ರಪ್ಪನವರು ಆಗ ಆಳಂದದಲ್ಲಿದ್ದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅವರೊಬ್ಬರ ಪಾಲಿಗೆ. ಒಂದು ಸೈಕಲ್ಲು, ಮೂರು ಸಭೆ. ಆ ಸೈಕಲ್ಲನ್ನು ದಾರಿಯಲ್ಲಿ ಯಾರೋ ಕಸಿದುಕೊಂಡದ್ದರಿಂದ ಅವರು ಆಳಂದದಲ್ಲೇ ಸಿಕ್ಕಿಬಿದ್ದರು. ಕುರುಬನಿಲ್ಲದ ಕುರಿಗಳಾದೆವು, ಹಟ್ಟಿಯೂ ಹೋಯಿತು. ಆಗ ಕೈಹಿಡಿದವನು ನಮ್ಮ ಹಿತ್ತಲಾಚೆಯ ಲಾಲಸಾಬ. ಅವನ ಪಿಂಜಾರ ಅಂಗಡಿ ನಿನಗೆ ಗೊತ್ತೇ ಇದೆ, ನಮ್ಮ ಮದುವೆಯ ಗಾದಿ ತುಂಬಿದ್ದು ಅಲ್ಲೇ. ಒಂದು ದಿನ ಅವ್ವನ ಹತ್ತಿರ ಬಂದು ಅವನು ಹೇಳಿದ್ದಿಷ್ಟು: 'ನಮ್ಮ ಅಂಗಡ್ಯಾಗ ಗಿರಾಕಿ ಇಪ್ಪತ್ತು ಮಂದಿ ಬಂದ್ರ ಯಾರು ಎಣಸ್ತಾರ್ರಿ ಅವ್ವಾರ? ನೀವು ಹಾಡ್ರಿ, ನಾ ಹಿಂಜತೇನಿ.' ಅಂದಿನಿಂದ ನಮ್ಮ ಆದಿತ್ಯವಾರದ ಆರಾಧನೆ ಹತ್ತಿಯ ರಾಶಿಯ ನಡುವೆ. ನಾವು ಹಾಡಲು ಬಾಯಿ ತೆರೆದ ಕೂಡಲೇ ಲಾಲಸಾಬ ತನ್ನ ಬಿಲ್ಲನ್ನು ಮೀಟಿ ಟೊಂಯ್ ಟೊಂಯ್ ಎಂದು ಹತ್ತಿ ಹಿಂಜಲು ಶುರು ಮಾಡುತ್ತಿದ್ದ; ಬೀದಿಯಲ್ಲಿ ಹೋಗುವವರಿಗೆ ಆ ನಾದದ ಹೊರತು ಏನೂ ಕೇಳುತ್ತಿರಲಿಲ್ಲ. ಅವನ ಹೆಂಡತಿ ಬದರುನ್ನಿಸಾ ಪರದೆಯ ಹಿಂದೆ ಕೌದಿ ಹೊಲಿಯುತ್ತ ಕೂತು, ಪ್ರತಿ ಪ್ರಾರ್ಥನೆ ಮುಗಿದಾಗಲೂ ನಮಗಿಂತ ಒಂದು ಪಟ್ಟು ಜೋರಾಗಿ 'ಆಮೀನ್' ಎನ್ನುತ್ತಿದ್ದಳು. ಆ ಒಂದು ಮಾತು ಇಬ್ಬರಿಗೂ ಒಂದೇ, ಅಷ್ಟಕ್ಕೆ ಯಾಕೆ ಜಿಪುಣತನ ಎಂಬುದು ಅವಳ ವಾದ. ಹಾರುವ ಅರಳೆ ಮೂಗಿಗೆ ಹೋಗಿ ಆರಾಧನೆಯಲ್ಲಿ ಹಾಡಿಗಿಂತ ಸೀನು ಹೆಚ್ಚು. ಮುಗಿಸಿ ಹೊರಗೆ ಬಂದರೆ ಎಲ್ಲರ ತಲೆಯೂ ಬೆಳ್ಳಗೆ. ನಮ್ಮ ಸಭೆ ಒಂದು ತಾಸಿನಲ್ಲಿ ನಾಲ್ವತ್ತು ವರ್ಷ ಮುದಿಯಾಗುತ್ತಿತ್ತು. ಈಗ ಮಂದಿರದ ಬೀಗ ತೆಗೆದಿದೆ, ಆದರೆ ಆ ಬಿಲ್ಲಿನ ತಾಳವಿಲ್ಲದೆ ನಮಗೆ ಹಾಡಲು ಬರುತ್ತಿಲ್ಲ. ಹೋದ ವಾರ ಮೊದಲ ಚರಣದಲ್ಲೇ ದಿಕ್ಕಾಪಾಲಾದೆವು. ಗಂಗುಬಾಯಿ ಲಾಲಸಾಬನನ್ನು ಕರೆಸಿರೆಂದು ಹಟ ಹಿಡಿದಿದ್ದಾಳೆ.

ನಗಬೇಡ, ಈಗ ಬರೆಯುವುದು ನಿಜವಾದ ಮಾತು. ನಾನು ಎಂಥ ಕ್ರೈಸ್ತನೆಂಬುದು ನಿನಗೆ ಗೊತ್ತು. ಅಪ್ಪ ಸುವಾರ್ತಿಕರಾಗಿದ್ದರು, ಅವ್ವ ಮೊಣಕಾಲ ಮೇಲೆಯೇ ಮುದುಕಿಯಾದಳು. ನಾನು ಮಾತ್ರ ಮಂದಿರದಲ್ಲಿ ಕಿಟಕಿಯ ಹತ್ತಿರ ಕುಳಿತು, ನೀನು ಚಿವುಟಿದಾಗ ಎಚ್ಚರಾಗುವ ಪೈಕಿ. ಪ್ರಸಂಗದಲ್ಲಿ ಎಲ್ಲಿ ನಗು ಬರುತ್ತದೆ ಎಂದು ಹುಡುಕುತ್ತಿದ್ದೆನೇ ಹೊರತು ಎಲ್ಲಿ ದೇವರು ಬರುತ್ತಾನೆ ಎಂದಲ್ಲ. ಆದರೆ ಹತ್ತಿಯ ನಡುವೆ ಕುಳಿತ ಮೇಲೆ ಕಿಟಕಿಯೂ ಇಲ್ಲ, ಚಿವುಟುವವಳೂ ಇಲ್ಲ. ಪಾದ್ರಿಗಳಿಲ್ಲದ್ದರಿಂದ ವೇದಪಾಠ ಓದುವ ಕೆಲಸ ಅಕ್ಷರ ಬಲ್ಲ ನನ್ನ ತಲೆಗೇ ಬಂತು. ಬಿಲ್ಲಿನ ಸಪ್ಪಳದ ಮೇಲೆ ಕೇಳಿಸುವಂತೆ ಓದಬೇಕಾದರೆ ಪ್ರತಿ ಮಾತನ್ನೂ ನಂಬಿದವನ ಹಾಗೆ ಓದಬೇಕು. ಹಾಗೆ ಓದುತ್ತ ಓದುತ್ತ ಎಲ್ಲಿ ನಟನೆ ಮುಗಿದು ಎಲ್ಲಿ ನಂಬಿಕೆ ಶುರುವಾಯಿತೋ ನನಗೇ ತಿಳಿಯಲಿಲ್ಲ. ಜೊತೆಗೆ ನಿನ್ನ ಚಿಂತೆ. ನಿನಗೆ ಹೇಗಿದೆ, ಕೂಸು ಹೊಟ್ಟೆಯಲ್ಲಿ ಆಡುತ್ತದೋ ಇಲ್ಲವೋ, ಒಂದೂ ಗೊತ್ತಿಲ್ಲ. ಟಪಾಲು ನಿಂತಾಗ ನಿನಗೆ ಹೇಳಬೇಕಾದ ಮಾತನ್ನೆಲ್ಲ ಇನ್ನೊಂದು ದಾರಿಯಿಂದ ಕಳಿಸತೊಡಗಿದೆ. ಅಲ್ಲಿ ನಾಕೆ ಇಲ್ಲ, ಪೆಟ್ಟಿಗೆ ತೆಗೆಸುವವರಿಲ್ಲ. ಶಾಲೆಗೆ ಹೋಗುವಾಗ, ಸ್ನಾನ ಮಾಡುವಾಗ, ಮನಸ್ಸಿನಲ್ಲೇ, ಕೃಪಾ ಮತ್ತು ಅದು, ಅದನ್ನೂ ಅವಳನ್ನೂ ನೋಡಿಕೋ ಎಂದು. ಗಂಡೋ ಹೆಣ್ಣೋ ತಿಳಿಯದ್ದರಿಂದ ಐದು ತಿಂಗಳು ನಮ್ಮ ಮಗಳು ದೇವರ ಮುಂದೆ 'ಅದು' ಆಗಿಯೇ ಇದ್ದಳು. ಕೃಪೆಯಿಂದಲೇ ರಕ್ಷಣೆ ಎಂದು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದೆ; ಕೃಪೆ ತವರಿಗೆ ಹೋದ ಮೇಲೆ ಅದರ ಅರ್ಥವಾಯಿತು. ಅರಳೆಯ ಆಣೆ, ದೇವರಿಗೆ ನಾನು ಹತ್ತಿರವಾದದ್ದು ಹತ್ತಿಯಿಂದ.

ಆದರೆ ಇದೆಲ್ಲ ಮನಸ್ಸಿನಲ್ಲಿ. ಬಾಯಿ ಬಿಟ್ಟು ನಾಲ್ಕು ಜನರ ಮುಂದೆ ಪ್ರಾರ್ಥಿಸುವುದೆಂದರೆ ಬಿ.ಎ.ಗೂ ಬಾಯಿಗೂ ಸಂಬಂಧವಿಲ್ಲ. ಅಂಗಡಿಯಲ್ಲಿ ನನ್ನ ಸರದಿ ಬಂದಾಗಲೆಲ್ಲ ಅವ್ವನ ಕಡೆಗೋ ಗಂಗುಬಾಯಿಯ ಕಡೆಗೋ ಕೈ ತೋರಿಸಿ, ಹಿರಿಯರಿಗೆ ಗೌರವ ಕೊಡುವವನ ಮುಖ ಮಾಡುತ್ತಿದ್ದೆ. ನೀನು ಹೋಗುವ ಹಿಂದಿನ ದಿನ ಹಾಕಿದ ಷರತ್ತನ್ನು ಮರೆತಿದ್ದೆನೆಂದು ತಿಳಿಯಬೇಡ. 'ಕೂಸಿನ ದೀಕ್ಷಾಸ್ನಾನದ ದಿನ ನಿಮ್ಮ ಬಾಯಿಂದ ಒಂದು ಪ್ರಾರ್ಥನಾ ಬರಬೇಕ್ರಿ. ಪುಸ್ತಕ ನೋಡಿ ಅಲ್ಲ, ಚ್ಯಾಷ್ಟಿ ಮಾಡಿ ಅಲ್ಲ. ಇಲ್ಲಾಂದ್ರ ನಾ ಕೂಸಿನ್ನ ಕರಕೊಂಡು ಬರಂಗಿಲ್ಲ.' ಆಗ ನಕ್ಕಿದ್ದೆ. ನೀನು ನಕ್ಕಿರಲಿಲ್ಲ. ನನಗೆ ಬರಣಿಯ ಗಂಟಿಗಿಂತ ನಿನ್ನ ಮಾತಿನ ಗಂಟಿನ ಹೆದರಿಕೆ ಹೆಚ್ಚು.

ಇನ್ನೊಂದು ವಿಷಯ ನೆನಪು ಮಾಡಿಕೊಡಬೇಕು, ಮುಂದಿನದು ತಿಳಿಯಲು. ನಮ್ಮ ಅಪ್ಪ ಬರಗಾಲದಲ್ಲಿ ಬೆಳೆದವರು. ಅವರು ನಮ್ಮ ಮನೆಗೆ ಹಾಕಿಕೊಟ್ಟ ಕಾನೂನು ನಿನಗೆ ಗೊತ್ತು. ಊಟದ ಪ್ರಾರ್ಥನೆ ಆಯಿತೆಂದರೆ ಆ ಹೊತ್ತಿಗೆ ನಮ್ಮ ಮಾಳಿಗೆಯ ಕೆಳಗೆ ಯಾರಿದ್ದರೂ, ಸಾಲ ಕೇಳಲು ಬಂದವನಿರಲಿ, ಜಗಳಕ್ಕೆ ಬಂದವನಿರಲಿ, ಉಣ್ಣದೆ ಏಳುವಂತಿಲ್ಲ. 'ಪ್ರಾರ್ಥನಾ ಆದ ಮ್ಯಾಲ ತಾಟ ಹಾಕದಿದ್ರ ಅದು ದೇವರ ಮುಂದ ಸುಳ್ಳು ಹೇಳಿದ್ಹಂಗ' ಎನ್ನುತ್ತಿದ್ದರು. ನಮ್ಮ ಮದುವೆಯ ಮರುದಿನ ಟಪಾಲು ಕೊಡಲು ಬಂದ ಮಲ್ಕಪ್ಪ ಸರಿಯಾಗಿ 'ಆಮೆನ್' ಹೊತ್ತಿಗೆ ಹೊಸ್ತಿಲು ದಾಟಿದ್ದು, ಹೊಟ್ಟೆ ತುಂಬಿದೆ ಎಂದು ಅವನು ಎಷ್ಟು ಬೇಡಿಕೊಂಡರೂ ನಾವು ಬಿಡದೆ ಹೋಳಿಗೆ ತಿನ್ನಿಸಿದ್ದು, ಅವನು ಆ ದಿನದ ಉಳಿದ ಟಪಾಲನ್ನು ಮರುದಿನ ಹಂಚಿದ್ದು ನೆನಪಿದೆಯಲ್ಲ. ಅಂದಿನಿಂದ ಅವನು ನಮ್ಮ ಬಾಗಿಲಲ್ಲಿ ಮೊದಲು ಕಿವಿಗೊಟ್ಟು ಆಮೇಲೆ ಕರೆಯುತ್ತಾನೆ.

ಸೆಪ್ಟೆಂಬರದಲ್ಲಿ ಸೈನ್ಯ ಬಂತು. ಸಾಲಾಗಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋದವು, ನಾವು ಶಾಲೆಯ ಮಕ್ಕಳನ್ನು ಸಾಲು ನಿಲ್ಲಿಸಿ ಕೈ ಬೀಸಿದೆವು, ನಾಲ್ಕಾರು ದಿನದಲ್ಲಿ ಎಲ್ಲ ಮುಗಿಯಿತು. ಊರಿಗೆ ಊರೇ ಸಕ್ಕರೆ ಹಂಚಿತು. ದೇಶಕ್ಕೆ ಹೋದ ವರ್ಷ ಬಂದ ಸ್ವಾತಂತ್ರ್ಯ ನಮ್ಮ ನಾಕೆ ದಾಟಿ ಬರಲು ಹದಿಮೂರು ತಿಂಗಳು ಹಿಡಿಯಿತು. ಅದರ ಪೆಟ್ಟಿಗೆಯನ್ನೂ ತೆಗೆಸಿ ನೋಡಿದ್ದಿರಬೇಕು. ಆದರೆ ಕೃಪಾ, ಆ ಸಂತೋಷದ ಬೆನ್ನಿಗೇ ಸಂಕಟವೊಂದು ಬಂತು. ರಜಾಕಾರರಿಂದ ಸುಟ್ಟುಕೊಂಡವರು, ಸುಲಿಸಿಕೊಂಡವರು ಸೇಡಿಗೆ ಹೊರಟರು. ಸುಟ್ಟವರು ಎಂದೋ ಓಡಿಹೋಗಿದ್ದರು, ಸಿಕ್ಕವರು ಲಾಲಸಾಬನಂಥವರು. ಸುತ್ತಿನ ಹಳ್ಳಿಗಳಿಂದ ಕೇಳಬಾರದ ಸುದ್ದಿ ಬಂತು, ಅದನ್ನು ಬಾಣಂತಿಗೆ ಬರೆಯುವುದಿಲ್ಲ. ಅವ್ವ ನನ್ನನ್ನು ಕೇಳಲೂ ಇಲ್ಲ. ಹಿತ್ತಲ ಗೋಡೆಯ ಮೇಲಿಂದ 'ಬದರೂ, ಗಂಡನ್ನ ಕರಕೊಂಡು ಈ ಕಡೆ ಬಾ ಬೇ' ಎಂದು ಕರೆದು, ಇಬ್ಬರನ್ನೂ ನಮ್ಮ ಒಳಕೋಣೆಯಲ್ಲಿ ಇಟ್ಟಳು. ನೀನೂ ನಾನೂ ಮಲಗುವ ಕೋಣೆ. ನಾನು ಪಡಸಾಲೆಗೆ ವರ್ಗವಾದೆ.

ಮೂರನೆಯ ದಿನ ಮಧ್ಯಾಹ್ನ ಅವರು ಬಂದರು. ಏಳೆಂಟು ಜನ, ಕೈಯಲ್ಲಿ ಬಡಿಗೆ, ಒಬ್ಬಿಬ್ಬರ ಬಳಿ ಕೊಡಲಿ. ಮುಂದಿದ್ದವನ ಹೆಸರು ನಾಗಣ್ಣ, ಹೊಳೆಯಾಚೆಯ ಹಳ್ಳಿಯ ಒಕ್ಕಲಿಗ, ಎತ್ತರದ ಆಳು. ಕಣ್ಣು ಕೆಂಪಾಗಿದ್ದವು, ಆದರೆ ಅದು ಕುಡಿತದ ಕೆಂಪಲ್ಲ, ನಿದ್ದೆಗೆಟ್ಟ ಕೆಂಪು. ಪಡಸಾಲೆಗೆ ಹತ್ತಿ ನಿಂತು ಕೇಳಿದ, 'ಮಾಸ್ತರ, ಪಿಂಜಾರ ಎಲ್ಲಿ ಹೋದ? ನಿಮಗ ಗೊತ್ತೈತಂತ ಮಂದಿ ಹೇಳಾಕತ್ತಾರ.' ಒಳಗೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದ ಸಪ್ಪಳ ಹಾಗೇ ನಿಂತಿತು. ಗೊತ್ತಿಲ್ಲ ಎಂದರೆ ಸುಳ್ಳು. ಗೊತ್ತು ಎಂದರೆ ಎರಡು ಜೀವ. ನಾಲ್ಕು ತಿಂಗಳು ಆ ಮನುಷ್ಯನ ಹತ್ತಿಯ ಮೇಲೆ ಕುಳಿತು ಸತ್ಯವೇದ ಓದಿದವನು ನಾನು. ಏನು ಮಾಡಲಿ ಹೇಳು. ನಾನು ಹೇಳಿದೆ, 'ಅಣ್ಣಾ, ಒಂದು ಗಳಿಗಿ ತಡೀರಿ. ಪ್ರಾರ್ಥನಾ ಮಾಡಿ ಹೇಳ್ತೇನಿ.' ಹೇಳಿ, ಕೈ ಜೋಡಿಸಿ, ಕಣ್ಣು ಮುಚ್ಚಿ, ಬಾಯಿ ಬಿಟ್ಟು, ಅಷ್ಟೂ ಜನರ ಮುಂದೆ, ಪುಸ್ತಕವಿಲ್ಲದೆ, ಚೇಷ್ಟೆಯಿಲ್ಲದೆ, ಗಟ್ಟಿಯಾಗಿ ಪ್ರಾರ್ಥಿಸಿದೆ. ಏನೆಂದು ಪ್ರಾರ್ಥಿಸಿದೆ ಎಂಬುದನ್ನು ಬರೆಯಲು ನಮ್ರತೆ ಅಡ್ಡ ಬರುತ್ತದೆ. ದೇವರ ಮುಂದೆ ಆಡಿದ್ದನ್ನು ಟಪಾಲಿನಲ್ಲಿ ಹಾಕುವುದು, ಅದೂ ಮಲ್ಕಪ್ಪನಂಥವನ ಕೈಯಲ್ಲಿ, ಸರಿಯಲ್ಲ. ಫಲ ಮಾತ್ರ ಬರೆಯುತ್ತೇನೆ. ಕಣ್ಣು ಮುಚ್ಚಿದ್ದಾಗಲೇ ಬಡಿಗೆಗಳು ಒಂದೊಂದಾಗಿ ನೆಲಕ್ಕೆ ಬಿದ್ದ ಸಪ್ಪಳವನ್ನು ಈ ಕಿವಿಯಿಂದ ಕೇಳಿದೆ.

ಆದರೆ ಅದಕ್ಕೂ ಮೊದಲು ಒಂದು ಎಡವಟ್ಟಾಯಿತು. ನಾನು 'ಆಮೆನ್' ಎಂದ ಕೂಡಲೇ ಒಳಕೋಣೆಯಿಂದ, ನಾಲ್ಕು ತಿಂಗಳ ಅಭ್ಯಾಸಬಲದಿಂದ, ನನಗಿಂತ ಒಂದು ಪಟ್ಟು ಜೋರಾಗಿ 'ಆಮೀನ್' ಎಂಬ ಹೆಣ್ಣುದನಿ ಬಂತು. ಬದರುನ್ನಿಸಾಳಿಗೆ ತಾನು ಅಡಗಿದ್ದೇನೆ ಎಂಬುದೇ ಆ ಕ್ಷಣ ಮರೆತುಹೋಗಿತ್ತು. ನಾಗಣ್ಣ ಒಳಗೆ ಯಾರಿದ್ದಾರೆಂದು ಕೇಳಿದ. ಅಷ್ಟರಲ್ಲಿ ಅವ್ವ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಿಗೆ ಅಡ್ಡ ನಿಂತಳು. 'ನಮ್ಮ ಪೈಕಿ. ಪ್ರಾರ್ಥನಾ ಆತಲ್ಲ, ಇನ್ನ ಈ ಮನ್ಯಾಗ ಉಣ್ಣದ ಯಾರೂ ಹೋಗಂಗಿಲ್ಲ. ಕೈ ತೊಳಕೊಳ್ರಿ.' ಅಪ್ಪನ ಕಾನೂನನ್ನು ನನ್ನ ಪ್ರಾರ್ಥನೆಗೆ ಆಕೆ ಹೇಗೆ ಅನ್ವಯಿಸಿದಳು ಎಂದು ಕೇಳಬೇಡ, ಮುದುಕಿಯರು ಕಾನೂನನ್ನು ಅಷ್ಟಿಷ್ಟು ಹಿಗ್ಗಿಸುತ್ತಾರೆ. ಇಬ್ಬರು ಹಿಂದೆ ಸರಿದು, ಕಿರಿಸ್ತಾನರ ಮನೆಯಲ್ಲಿ ಹೇಗೆ ಉಣ್ಣುವುದೆಂದು ಗೊಣಗಿದರು. ಅವ್ವ ಅವರ ಕಡೆ ತಿರುಗಿ, ಕೂಗದೆ, ಕೇಳಿದಳು: 'ಕೊಲ್ಲಾಕ ಬರೂವಾಗ ಜಾತಿ ಕೇಳಿದ್ರಿ. ಉಣ್ಣಾಕ ಕೂಡ್ರೂವಾಗೂ ಕೇಳ್ತೀರೇನು ನನ್ನಪ್ಪಗೋಳ?' ಅವರು ಕೂಡ್ರಲಿಲ್ಲ. ಕೊನೆಗೆ ಅಂಗಳದಲ್ಲಿ ನಿಂತುಕೊಂಡೇ ರೊಟ್ಟಿ ಕೈಯಲ್ಲಿ ಇಸಿದುಕೊಂಡರು. ಉಳಿದವರು ಬೆಳಗಿನಿಂದ ನಡೆದು ಬಂದವರು, ಬಿಸಿರೊಟ್ಟಿಯ ವಾಸನೆ ಮೂಗಿಗೆ ಬಡಿದಿತ್ತು. ನಾಗಣ್ಣ ಮೊದಲು ಕೂತ.

ತಾಟು ತರಲು ಅವ್ವ ಯಾರನ್ನು ಕರೆದಳು ಗೊತ್ತೇ? ಬದರುನ್ನಿಸಾಳನ್ನು. ಅಡಗಿಸಿ ಇಟ್ಟವಳನ್ನು ಬಡಿಸಲು ಕರೆದಳು. ಆಕೆ ಬಂದು ಒಬ್ಬೊಬ್ಬರ ಮುಂದೆಯೂ ತಾಟು ಇಟ್ಟಳು. ರೊಟ್ಟಿ, ಝುಣಕ, ಶೇಂಗಾ ಹಿಂಡಿ ಬಂತು. ಅವ್ವ ನನ್ನ ಕಡೆ ನೋಡಿ, ಅತಿಥಿಗಳಿದ್ದಾರೆ, ಗೂಡಿನಲ್ಲಿರುವ ಬರಣಿ ತಾ ಎಂದಳು. ಆಗ, ಕೃಪಾ, ಆಗ ಒಡೆದೆ ನಿನ್ನ ಮುದ್ರೆಯನ್ನು. ಗಂಟು ಕೈಗೆ ಬಿಚ್ಚಲಿಲ್ಲ, ಹಲ್ಲಿನಿಂದ ಬಿಚ್ಚಿದೆ. ನಾಗಣ್ಣ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಚೀಪಿದ. ಆಮೇಲೆ ತಾಟನ್ನೇ ನೋಡುತ್ತ, ಬೇಸಿಗೆಯಲ್ಲಿ ತನ್ನ ಕಣದಲ್ಲಿದ್ದ ವರ್ಷದ ಜೋಳವನ್ನೆಲ್ಲ ಸುಟ್ಟರೆಂದು ಹೇಳಿದ. ಅವ್ವ ಅವನ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. 'ಸುಟ್ಟವರು ಬ್ಯಾರೆ, ತಮ್ಮಾ. ಈ ಪಿಂಜಾರನ ಕೈಯಾಗ ಬಿಲ್ಲು ಐತಿ ಖರೆ, ಬಾಣ ಇಲ್ಲ.' ಬದರುನ್ನಿಸಾ ಬಗ್ಗಿ ಇನ್ನೊಂದು ರೊಟ್ಟಿ ಹಾಕುವಾಗ ನಾಗಣ್ಣ ಅವಳ ಮುಖ ನೋಡದೆ ಕೇಳಿದ, ನಿನ್ನ ಗಂಡ ಎಲ್ಲಿದಾನೆ ಎಂದು. ಅವಳು ಹೇಳಿಬಿಟ್ಟಳು.

'ಒಳಗ ಅದಾನ್ರಿ. ಇನ್ನ ಉಂಡಿಲ್ಲ.'

ಹೊರಗೆ ಅಂಗಳದಲ್ಲಿ ನಿಂತವರು ಅಗಿಯುವುದನ್ನು ನಿಲ್ಲಿಸಿದರು. ನಾಗಣ್ಣ ಕೈಯಲ್ಲಿದ್ದ ತುತ್ತನ್ನು ಬಾಯಿಗೂ ಹಾಕಲಿಲ್ಲ, ತಾಟಿಗೂ ಇಡಲಿಲ್ಲ. ಕೊನೆಗೆ, ಯಾರ ಮೇಲೋ ಸಿಟ್ಟು ಬಂದವನ ಹಾಗೆ, 'ಹಂಗಾರ ಅವಗೂ ಒಂದು ತಾಟ ಹಾಕ್ರಿ' ಎಂದ. ಲಾಲಸಾಬ ಬಂದು ಸಾಲಿನ ತುದಿಗೆ ಕುಳಿತ. ಒಣ ರೊಟ್ಟಿಯನ್ನೇ ಮುರಿಯತೊಡಗಿದ. ನಾಗಣ್ಣ ಬರಣಿಯನ್ನು ಎಡಗೈಯಿಂದ ಅವನ ಕಡೆ ಜರುಗಿಸಿದ, ಅಷ್ಟೇ. ಎದ್ದು ಕೈ ತೊಳೆಯುವಾಗ ತನ್ನವರಿಗೆ ಹೇಳಿದ, 'ಉಂಡ ಮನಿಗಿ ಎರಡ ಬಗಿಯಾಕ ಬರಂಗಿಲ್ಲ. ನಡೀರಿ.' ಬಾಗಿಲಲ್ಲಿ ತಿರುಗಿ ನಿಂತು ನನ್ನನ್ನು ಕೇಳಿದ ಕೊನೆಯ ಪ್ರಶ್ನೆ ಪಿಂಜಾರನದಲ್ಲ, ಉಪ್ಪಿನಕಾಯಿ ಹಾಕಿದ್ದು ಯಾರು ಎಂಬುದು. ನನ್ನ ಹೆಂಡತಿ ಎಂದೆ. ಆ ದಿನ ನಾನು ಹೆಮ್ಮೆಯಿಂದ ಆಡಿದ ಮಾತು ಅದೊಂದೇ. ಆ ಮೇಲೆ ಅವರ ಪೈಕಿ ಒಬ್ಬರೂ ನಮ್ಮ ಓಣಿಗೆ ಕಾಲಿಡಲಿಲ್ಲ. ಹೋದ ವಾರ ನಾಗಣ್ಣನಿಂದ ಒಂದು ಬುಟ್ಟಿ ನಿಂಬೆಹಣ್ಣು ಬಂದಿದೆ, ಬರಣಿ ತುಂಬಿಸಿಕೊಳ್ಳಿ ಎಂಬ ಮಾತಿನೊಂದಿಗೆ. ಜೊತೆಗೆ, ಮಗಳ ಮದುವೆಗೆ ಎರಡು ಗಾದಿ ಬೇಕು, ಪಿಂಜಾರನಿಗೆ ತಿಳಿಸಿ ಎಂದೂ ಹೇಳಿ ಕಳಿಸಿದ್ದಾನೆ. ಲಾಲಸಾಬ ಅಂಗಡಿಯ ಬಾಗಿಲು ಮತ್ತೆ ತೆರೆದಿದ್ದಾನೆ. ಬೆಳಿಗ್ಗೆ ಆ ಟೊಂಯ್ ಟೊಂಯ್ ಕೇಳಿದರೆ ಅವ್ವ ಒಲೆಯ ಮುಂದೆ ತಾನಾಗಿಯೇ ಹಾಡಲು ಶುರು ಮಾಡುತ್ತಾಳೆ.

ಪಾದ್ರಿ ಸುಮಿತ್ರಪ್ಪನವರು ಹೊಸ ಸೈಕಲ್ಲಿನ ಮೇಲೆ, ಅಂದರೆ ಬೇರೊಬ್ಬರ ಹಳೆಯ ಸೈಕಲ್ಲಿನ ಮೇಲೆ, ಬಂದು ಹೋದರು. ಗಂಗುಬಾಯಿ ನಡೆದದ್ದನ್ನೆಲ್ಲ ಅವರಿಗೆ ಹೇಳಿದಳು. ಆಕೆ ಅಲ್ಲಿ ಇರಲೇ ಇಲ್ಲ, ಆದ್ದರಿಂದ ಬಹಳ ಚೆನ್ನಾಗಿ ಹೇಳಿದಳು. ಪಾದ್ರಿಗಳು ನನ್ನ ಎರಡೂ ಕೈ ಹಿಡಿದುಕೊಂಡು, ಶತ್ರುಗಳ ನಡುವೆ ಬಾಯಿ ಬಿಟ್ಟು ಪ್ರಾರ್ಥಿಸಿದ ನನ್ನಂಥವನ ಸಾಕ್ಷಿಯನ್ನು ಬೇರೆ ಸಭೆಗಳೂ ಕೇಳಬೇಕು ಎಂದರು. ಡಿಸೆಂಬರ್ ಮೊದಲ ವಾರ ಆಳಂದ, ಎರಡನೆಯ ವಾರ ಅಫಜಲಪುರ. ನಾನು ಅಲ್ಲಿ ನಿಂತು ಪ್ರಾರ್ಥಿಸಬೇಕಂತೆ. ಇಷ್ಟರ ಮೇಲೂ ನಿನ್ನ ಷರತ್ತು ಉಳಿದಿದೆ ಎನ್ನುತ್ತೀಯಾ? ಗೆದ್ದೆ ಕೃಪಾ. ಕೂಸಿನ ದೀಕ್ಷಾಸ್ನಾನಕ್ಕೆ ಮೊದಲೇ ಗೆದ್ದೆ, ಬಡಿಗೆಗಳ ಮುಂದೆ ಗೆದ್ದೆ. ನಿಮ್ಮ ಅಣ್ಣನಿಗೂ ಇದನ್ನು ಓದಿ ಹೇಳು. ನಾನು ಮಾತಿನ ಮಲ್ಲ, ಭಕ್ತಿಯಲ್ಲಿ ಪೊಳ್ಳು ಎಂದವನು ಅವನೇ ಅಲ್ಲವೇ.

ಕ್ರಿಸ್‌ಮಸ್ಸಿಗೆ ಪಾದ್ರಿಗಳು ಜೇವರ್ಗಿಗೆ ಬರುತ್ತಾರೆ, ಅಂದೇ ಮಗಳ ದೀಕ್ಷಾಸ್ನಾನ. ಲಾಲಸಾಬ ಅವಳಿಗಾಗಿ ಕೈಯಗಲದ ಒಂದು ಗಾದಿ ತುಂಬಿದ್ದಾನೆ, ನಾವು ತಿಂಗಳುಗಟ್ಟಲೆ ಕುಳಿತು ಹಾಡಿದ ಅದೇ ಹತ್ತಿಯಿಂದ. ಬದರುನ್ನಿಸಾ ಮೇಲೆ ಹೊದೆಸಲು ಕೌದಿ ಹೊಲಿದಿದ್ದಾಳೆ. ಅದರಲ್ಲಿ ನಿನ್ನ ಹಳೆಯ ಹಸಿರು ಸೀರೆಯ ತುಂಡೂ ಇದೆ, ಅದು ಹೇಗೆ ಅವಳ ಕೈ ಸೇರಿತೆಂಬುದು ಇನ್ನೊಂದು ತಪ್ಪೊಪ್ಪಿಗೆ. ಹೆಸರಿನ ವಿಷಯ ನಿನ್ನದೇ ನಿರ್ಣಯ; ಅವ್ವ ಮಾತ್ರ ಅವಳನ್ನು ಆಗಲೇ 'ನಮ್ಮ ಆಮೀನಾ' ಎಂದು ಕರೆಯಲು ಶುರು ಮಾಡಿದ್ದಾಳೆ, ಬದರುನ್ನಿಸಾಳನ್ನು ಕಾಡಲು. ಈಗ ದಾರಿ ತೆರೆದಿದೆ, ನಾಕೆಯಲ್ಲಿ ಯಾರೂ ಇಲ್ಲ, ಬಾಗಿದ ಬಿದಿರೊಂದು ಬಿಸಿಲು ಕಾಯಿಸಿಕೊಂಡು ಬಿದ್ದಿದೆ. ಬಂಡಿ ಕಟ್ಟಿಸಿಕೊಂಡು ನಾನೇ ಬರಲೇ, ಅಣ್ಣ ಕರೆತರುತ್ತಾನೋ, ಬರೆ.

ನಿಮ್ಮಪ್ಪ ನಿಮ್ಮವ್ವನವರಿಗೆ ನನ್ನ ನಮಸ್ಕಾರ. ಅವ್ವ ಸೊಸೆಗೂ ಮೊಮ್ಮಗಳಿಗೂ ಒಂದೊಂದು ಮುತ್ತು, ಹಣೆಗೆ, ಕಳಿಸಿದ್ದಾಳೆ. ಬರಹದಲ್ಲಿ ಅಂಟಿಸುವುದು ಹೇಗೆಂದು ತಿಳಿಯದೆ ಹೀಗೆ ಬರೆದಿದ್ದೇನೆ. ಲಾಲಸಾಬ ಸಲಾಂ ಹೇಳಿದ್ದಾನೆ. ನಿನ್ನನ್ನೂ ಅವಳನ್ನೂ ಕಾಯುವವನು ತೂಕಡಿಸದೆ ಕಾಯಲಿ.

ಇಂತು, ಖಾಲಿ ಬರಣಿಯ ಮುಂದೆ ಕುಳಿತಿರುವ,
ನಿನ್ನ ದೇವದಾನ

ತಾಜಾ ಕಲಂ: ಮಲ್ಕಪ್ಪ ಬಾಗಿಲಲ್ಲಿ ನಿಂತಿದ್ದಾನೆ, ಟಪಾಲಿನ ಚೀಲ ಕಟ್ಟುವ ಹೊತ್ತಾಯಿತಂತೆ, ಅದಕ್ಕೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಇದನ್ನು ಅಣ್ಣನಿಗೆ ಓದಬೇಡ. ಆ ದಿನ ಕಣ್ಣು ಮುಚ್ಚಿದಾಗ ನನ್ನ ತಲೆಯಲ್ಲಿ ಏನೂ ಇರಲಿಲ್ಲ. ಕರ್ತನ ಪ್ರಾರ್ಥನೆಯೂ ನೆನಪಾಗಲಿಲ್ಲ, ನಾಲ್ಕು ತಿಂಗಳು ಗಟ್ಟಿಯಾಗಿ ಓದಿದ ವೇದದ ಒಂದು ಸಾಲೂ ಬರಲಿಲ್ಲ. ಅಡುಗೆಮನೆಯಿಂದ ರೊಟ್ಟಿಯ ವಾಸನೆ ಬಂತು, ನಾಲಿಗೆ ದಿನವೂ ಹೋಗುವ ದಾರಿಯಲ್ಲಿ ತಾನೇ ಹೋಯಿತು. ನಾನು ಹೇಳಿದ್ದು ಅಪ್ಪನ ಊಟದ ಪ್ರಾರ್ಥನೆ: 'ಕರ್ತನೇ, ಈ ಹೊತ್ತಿನ ರೊಟ್ಟಿಗಾಗಿ ಸ್ತೋತ್ರ. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆ, ಹಸಿದು ಬಂದವರನ್ನು ಉಣಿಸಿ ಕಳಿಸು, ಆಮೆನ್.' ಅವ್ವ ಕಾನೂನನ್ನು ಹಿಗ್ಗಿಸಿರಲಿಲ್ಲ, ಇದ್ದದ್ದನ್ನೇ ಪಾಲಿಸಿದಳು. ಬಡಿಗೆಗಳು ಬಿದ್ದದ್ದು ನನ್ನ ಭಕ್ತಿಗಲ್ಲ. ಕೈ ತೊಳೆಯಲು ಕೆಳಗಿಟ್ಟ ಸಪ್ಪಳ ಅದು. ಆಮೆನ್ ಆದ ಮೇಲೂ ನಾನು ಕಣ್ಣು ತೆರೆದಿರಲಿಲ್ಲ. ನಡುವೆ ಯಾರು ಏನು ಮಾಡಿದರೆಂದು ಬರೆದದ್ದೆಲ್ಲ ಅವ್ವನೂ ಬದರುನ್ನಿಸಾಳೂ ಹೇಳಿದ್ದು. ನಾನು ಕಣ್ಣು ಬಿಟ್ಟದ್ದು ಅವ್ವ ಬರಣಿ ತಾ ಎಂದು ಮೊಣಕೈಯಿಂದ ತಿವಿದಾಗ. ಹೀಗಾಗಿ ನನ್ನ ಬಳಿ ಇರುವ ಪ್ರಾರ್ಥನೆ ಇದೊಂದೇ. ಆಳಂದದಲ್ಲಿ ಹೇಳಿದರೆ ಅಲ್ಲಿಯ ಇಡೀ ಸಭೆಗೆ ಅಡುಗೆ ಮಾಡಿಸಬೇಕಾದೀತು. ಮಗಳ ದೀಕ್ಷಾಸ್ನಾನದ ದಿನ ಬಾಯಿತಪ್ಪಿ ಇದೇ ಬಂದರೆ ಅವ್ವ ತಾಟು ಹಾಕಲು ಏಳುತ್ತಾಳೆ, ಪಾದ್ರಿಗಳ ಕೈಯಲ್ಲಿ ಕೂಸು ಇರುತ್ತದೆ. ದಯವಿಟ್ಟು ನವೆಂಬರ್ ಮುಗಿಯುವ ಮೊದಲೇ ಬಾ, ನನಗೆ ಎರಡನೆಯದೊಂದನ್ನು ಕಲಿಸು.